ಕಾರವಾರದ ಪ್ರಾಜೆಕ್ಟ್‌ಗೆ ಸ್ಕೂಬಾ ಕಲಿತು ಹೋಗಬೇಕೆ?

ಕೋಡಿಬಾಗದ ಸಮುದ್ರಜೀವಶಾಸ್ತ್ರ ವಿಭಾಗಕ್ಕೆ ಬರುವಾಗ ನನ್ನ ತಲೆಯಲ್ಲೂ ಇದೇ ಸ್ಕೂಬಾ ಇತ್ತು. ಬೇಡ. ಅದು ನೇತ್ರಾಣಿ ದ್ವೀಪಕ್ಕೆ ಸರಿ. ಕಾಳಿ ಅಳಿವೆಯ ರಾಡಿ ನೀರಲ್ಲಿ ಮುಳುಗಿ ನೋಡುವುದೇನೂ ಇಲ್ಲ. ನಿಮಗೆ ಬೇಕಾದ ಜೀವಿಗಳಿರುವುದು ಕಾಂಡ್ಲಾ (ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಮರ) ಬುಡದ ಕೆಸರಿನಲ್ಲಿ, ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಮರಳಿನಲ್ಲಿ. ಆ ದುಡ್ಡಿಗೆ ಕೆಸರು ಸೋಸಲು 0.5 ಮಿ.ಮೀ. ಕಣ್ಣಿನ ಜರಡಿ ಕೊಳ್ಳಿ. 1 ಮಿ.ಮೀ. ಜರಡಿಯಾದರೆ ಬಳಚಿನ ಮರಿಗಳೂ ಸಣ್ಣ ಹುಳುಗಳೂ ನೀರಿನೊಂದಿಗೆ ಸೋರಿಹೋಗುತ್ತವೆ.

ನೀವು ಕೇಳಬೇಕಾಗಿದ್ದದ್ದು ಮಾದರಿ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದ ಬಗ್ಗೆ. ಹೆಚ್ಚಿನ ಪ್ರಾಜೆಕ್ಟ್ ಕೆಡುವುದು ಅಲ್ಲೇ, ನನ್ನದೂ ಕೆಟ್ಟಿದ್ದು ಅಲ್ಲೇ. ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ಸಮುದ್ರದ ನೀರು ಒಂಬತ್ತು ಪಾಲು ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಟ್ಟಲ್ಲೇ ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟುತ್ತದೆ, ಆಮ್ಲ ಸುಣ್ಣವನ್ನು ತಿನ್ನುತ್ತದೆ. ಮೊದಲು ಚಿಪ್ಪಿನ ಹೊಳಪು ಹೋಗುತ್ತದೆ, ಆಮೇಲೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಎಲ್ಲಕ್ಕಿಂತ ಬೇಗ ಕರಗುವುದು ಮರಿಗಳ ತೆಳು ಚಿಪ್ಪು. ಎರಡು ಚಿಪ್ಪು ಕೂಡುವಲ್ಲಿನ ಹಲ್ಲುಗಳು ಸವೆದರೆ ಜಾತಿ ಗುರುತಿಸುವುದು ಯಾರಿಂದಲೂ ಆಗದು. ಹುಳುಗಳು ಮಾತ್ರ ನೆಟ್ಟಗೇ ಇರುತ್ತವೆ, ಹಾಗಾಗಿ ಬಾಟಲಿ ನೋಡಿದವರಿಗೆ ಅನುಮಾನವೇ ಬರುವುದಿಲ್ಲ.

ಮದ್ದು ಆಮ್ಲ ತಗ್ಗಿಸುವ ಬೋರಾಕ್ಸ್ (ಬಿಳಿಗಾರ): ನೀರು ಬೆರೆಸುವ ಮೊದಲು ಒಂದು ಲೀಟರ್ ಫಾರ್ಮಲಿನ್‌ಗೆ 20 ಗ್ರಾಂ. ಕರಗದೆ ತಳದಲ್ಲಿ ಸ್ವಲ್ಪ ಉಳಿದರೂ ಅಡ್ಡಿಯಿಲ್ಲ. ಆಮ್ಲತೆ ತೋರಿಸುವ ಪಿಎಚ್ 8ರ ಆಸುಪಾಸಿದೆಯೇ ಎಂದು ಪಿಎಚ್ ಕಾಗದ ಅದ್ದಿ ನೋಡಿ, ವಾರ ಬಿಟ್ಟು ಮತ್ತೆ ನೋಡಿ. ಬಾಟಲಿಯ ಅರ್ಧಕ್ಕಿಂತ ಹೆಚ್ಚು ಕೆಸರು ತುಂಬಬೇಡಿ, ದ್ರಾವಣ ಒಳಗಿಳಿಯದೆ ನಡುವೆ ಕೊಳೆಯುತ್ತದೆ. ಒಂದು ಚಿಟಿಕೆ ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಜೀವಿಗಳು ಗುಲಾಬಿಯಾಗಿ ಆಯುವುದು ಸುಲಭ. ಕೆಲವು ದಿನಗಳ ನಂತರ ಚೆನ್ನಾಗಿ ತೊಳೆದು 70 ಪ್ರತಿಶತ ಆಲ್ಕೋಹಾಲ್‌ಗೆ ಹಾಕಿ. ಕೈಗವಸಿಲ್ಲದೆ, ಕಿಟಕಿ ಮುಚ್ಚಿ ಇದನ್ನೆಲ್ಲ ಮಾಡಬೇಡಿ. ಚೀಟಿ ಬಾಟಲಿಯ ಒಳಗೇ ಇರಲಿ, ಪೆನ್ಸಿಲ್‌ನಲ್ಲಿ ಬರೆದದ್ದು. ಹೊರಗಿನ ಮಾರ್ಕರ್ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.

ಮೈಕ್ರೋಸ್ಕೋಪ್, ಕ್ಯಾಮೆರಾ ಚಿಂತೆ ಆಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತಕ್ಕೆ ಹೊರಡಿ, ಆಗಲೇ ನೆಲ ಹೆಚ್ಚು ತೆರೆದುಕೊಳ್ಳುವುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಅಳಿವೆಯ ಉಪ್ಪು ತೀರಾ ಇಳಿದು ಜೀವಿಗಳ ಲೆಕ್ಕವೇ ಬದಲಾಗುವುದರಿಂದ ಮೊದಲ ಸುತ್ತಿನ ಮಾದರಿ ಮೇ ತಿಂಗಳೊಳಗೆ ಮುಗಿಸಿಕೊಳ್ಳಿ.