ಕೈಯಿಂದ ಬರೆದ ಅನಿಮೇಷನ್: ಹಣವೋ, ಕೌಶಲವೋ?

ಪ್ರಶ್ನೆ: ಕೈಯಿಂದ ಬರೆದ ಅನಿಮೇಷನ್ ಚಿತ್ರಗಳಲ್ಲಿ ಕೆಲವು ಜೀವಂತವಾಗಿಯೂ ಕೆಲವು ಜಡವಾಗಿಯೂ ಕಾಣುವುದು ಬಜೆಟ್ಟಿನ ವ್ಯತ್ಯಾಸದಿಂದಲೇ?
— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಭಾಗಶಃ ಮಾತ್ರ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು, ಅಂದರೆ ಒಂದರ ಹಿಂದೊಂದು ತೋರುವ ನಿಶ್ಚಲ ದೃಶ್ಯಗಳು, ಬೇಕು. ಕೈಯಿಂದ ಬರೆದ ಪ್ರತಿ ಚಿತ್ರವನ್ನು ಎರಡು ಫ್ರೇಮುಗಳಿಗೆ ಬಳಸಿದರೆ 12 ಚಿತ್ರಗಳು ಸಾಕು, ಮೂರಕ್ಕೆ ಬಳಸಿದರೆ 8. ಹಣದಿಂದ ದೊರೆಯುವುದು ಹೆಚ್ಚು ಚಿತ್ರಗಳು ಮತ್ತು, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಅಮೂಲ್ಯವಾದ, ತಪ್ಪಿದ್ದನ್ನು ಮತ್ತೆ ಬರೆಯುವ ಸಮಯ. ಆದರೆ ಮುಖ್ಯ ಭಂಗಿಗಳ ಆಯ್ಕೆ, ಅವುಗಳ ನಡುವಿನ ಅಂತರ, ಚಲನೆಯ ತೂಕ ಇವೆಲ್ಲ ಕಲಾವಿದರ ಕಣ್ಣಿಗೆ ಸೇರಿದವು: ಭಾರ ಎತ್ತುವವನ ಮೊಣಕಾಲು ಮೊದಲು ಬಾಗುತ್ತದೆಂಬುದನ್ನು ಗಮನಿಸದವರು 24 ಚಿತ್ರಗಳನ್ನು ಬರೆದರೂ ಮೂಟೆ ಹತ್ತಿಯಂತೆ ತೇಲುತ್ತದೆ. 1960ರ ದಶಕದ ಜಪಾನಿನ ಟಿವಿ ಸರಣಿಗಳು ಕಡಿಮೆ ಚಿತ್ರಗಳಲ್ಲೇ, ನಿಶ್ಚಲ ಭಂಗಿ ಮತ್ತು ಕ್ಯಾಮೆರಾ ಚಲನೆಯ ನೆರವಿನಿಂದ ಕಥೆ ಹೇಳಿದವು. ತಾವು ಕಲಿಯುತ್ತಿದ್ದರೆ, ಕೆ.ಆರ್. ಮಾರುಕಟ್ಟೆಯಲ್ಲಿ ಮೂಟೆ ಹೊರುವವರನ್ನು ನೋಡಿ ಬರೆಯಿರಿ.