ಲಸಿಕೆ ಬಗ್ಗೆ ಆನ್‌ಲೈನ್‌ನಲ್ಲಿ ಹರಿದಾಡುವ ಸುಳ್ಳನ್ನು ಜನ ಯಾಕೆ ನಂಬುತ್ತಾರೆ?

ಹೆಚ್ಚಿನವರು ವಿಷಯ ನೋಡಿ ನಂಬುವುದಿಲ್ಲ, ಕಳಿಸಿದವರನ್ನು ನೋಡಿ ನಂಬುತ್ತಾರೆ. ಅಕ್ಕನೋ ಹಳೇ ಗೆಳೆಯನೋ ಕಳಿಸಿದರೆ 'ಇದು ಎಲ್ಲಿಂದ ಬಂತು' ಅಂತ ಕೇಳೋಕೆ ಮನಸ್ಸೇ ಬರುವುದಿಲ್ಲ ಅಲ್ವಾ? ಅದೇ ಮಾತು ನಾಲ್ಕು ಕಡೆ ಕಂಡರೆ ಇನ್ನೂ ನಿಜ ಅನ್ನಿಸುತ್ತದೆ, ಯಾಕೆಂದರೆ ಮೊದಲೇ ಕೇಳಿದ್ದನ್ನು ಮನಸ್ಸು ಬೇಗ ಒಪ್ಪಿಕೊಳ್ಳುತ್ತದೆ, ಅದು ಸುಳ್ಳೇ ಆಗಿದ್ದರೂ. ಬಿಳಿ ಕೋಟು, ಒಂದು ಗ್ರಾಫು ಇದ್ದರಂತೂ ಮುಗೀತು.

'ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ' ಅನ್ನೋದೂ ಸಾಲದು. 1998ರಲ್ಲಿ ಬ್ರಿಟನ್‌ನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ್ದು ಲ್ಯಾನ್ಸೆಟ್‌ನಂಥ ದೊಡ್ಡ ಪತ್ರಿಕೆಯಲ್ಲೇ. ನೋಡಿದ್ದು ಬರೀ 12 ಮಕ್ಕಳನ್ನು! 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಬ್ರಿಟನ್‌ನಲ್ಲಿ ಅವರ ವೈದ್ಯ ನೋಂದಣಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕ್‌ನ 6.5 ಲಕ್ಷಕ್ಕೂ ಜಾಸ್ತಿ ಮಕ್ಕಳ ಅಧ್ಯಯನದಲ್ಲಿ ಅಂಥ ನಂಟೇ ಕಾಣಲಿಲ್ಲ. ಆದರೂ ಹಳೇ ಕಥೆ ಇವತ್ತಿಗೂ ಓಡಾಡುತ್ತಿದೆ.

ನಾನು ಮೊದಲು ಹುಡುಕೋದು ಒಂದನ್ನೇ. 'ಲಸಿಕೆ ಹಾಕಿಸಿಕೊಂಡ ಮೇಲೆ ಹೀಗಾಯ್ತು' ಅಂದರೆ, ಹಾಕಿಸಿಕೊಳ್ಳದವರಲ್ಲಿ ಅದೇ ತೊಂದರೆ ಎಷ್ಟು ಜನಕ್ಕೆ ಬಂದಿದೆ? ಈ ಲೆಕ್ಕವೇ ಇಲ್ಲದಿದ್ದರೆ, ಎಷ್ಟು ಕಣ್ಣೀರು ತರಿಸುವ ಕಥೆಯಾದರೂ ಸುಮ್ನೆ ಫಾರ್ವರ್ಡ್ ಮಾಡಬೇಡಿ.