ಸರಾಸರಿ ವೇಗ 50 ಯಾಕಲ್ಲ?

ಪ್ರಶ್ನೆ ಇದು: ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40. ಸರಾಸರಿ ಎಷ್ಟು?

48. ದೂರ 120 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು 240 ಕಿ.ಮೀ.ಗೆ 5 ಗಂಟೆ. ನಿಧಾನವಾಗಿ ಬರುವಾಗ ರಸ್ತೆಯಲ್ಲಿ ಜಾಸ್ತಿ ಹೊತ್ತು ಕಳೆದಿರಿ, ಅಲ್ವಾ? ಅದಕ್ಕೇ 40ರ ತೂಕ ಹೆಚ್ಚು. ಎರಡೂ ವೇಗದಲ್ಲಿ ಸಮ ಹೊತ್ತು ಓಡಿಸಿದ್ದರೆ 50 ಸರಿ ಇರುತ್ತಿತ್ತು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇನ್ನೊಂದಿದೆ. ಹೋಗುವಾಗ 30ರ ವೇಗದಲ್ಲಿ ಹೋಗಿದ್ದೀರಿ. ಒಟ್ಟು ಸರಾಸರಿ 60 ಆಗಬೇಕಾದರೆ ಬರುವಾಗ ಎಷ್ಟು ವೇಗ ಬೇಕು? ಸುಮ್ನೆ 90 ಅನ್ನಬೇಡಿ, ಲೆಕ್ಕ ಹಾಕಿ. 240 ಕಿ.ಮೀ.ಗೆ 60ರಂತೆ 4 ಗಂಟೆ ಸಿಗುತ್ತದೆ. ಆ 4 ಗಂಟೆ ಹೋಗುವುದರಲ್ಲೇ ಮುಗಿದಿದೆ! ಇನ್ನು ಎಷ್ಟು ವೇಗವಾಗಿ ಬಂದರೂ ಆಗದು.

ವ್ಯಾಪಾರದಲ್ಲೂ ಇದೇ ಲೆಕ್ಕ. ಒಂದೊಂದು ಸಲವೂ 120 ರೂಪಾಯಿಯ ಸರಕು ಕೊಂಡಿರಿ. ಬೆಲೆ ಒಮ್ಮೆ ಕಿಲೋಗೆ 60, ಇನ್ನೊಮ್ಮೆ 40. ಸಿಕ್ಕಿದ್ದು 2 ಕಿಲೋ, 3 ಕಿಲೋ. ಸರಾಸರಿ ಬೆಲೆ ಮತ್ತೆ 48. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಹರಾತ್ಮಕ ಸರಾಸರಿ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಮೊದಲು ಒಟ್ಟು ಮೊತ್ತಗಳನ್ನು ಬರೆದುಕೊಂಡು ಆಮೇಲೆ ಭಾಗಿಸಿ.